ಪಾಯ ಕೂತ ಹಳೇ ಚಿರೆಕಲ್ಲು ಮನೆ: ತಗೊಳ್ಳೋದಾ, ಬಿಡೋದಾ?

ಬಾಡಿಗೆಮನೆ_ಟೀಚರ್ | ಮೇ 11

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ 14 ವರ್ಷದಿಂದ ಬಾಡಿಗೆಗಿದ್ದೇವೆ, ನಾಲ್ಕು ಮನೆ ಬದಲಾಯಿಸಿ ಸಾಕಾಗಿದೆ. ಈಗ ಅವರ್ಸಾ ಕಡೆ ಒಂದು ಹಳೇ ಮನೆ ಮಾರಾಟಕ್ಕೆ ಬಂದಿದೆ. 9 ಗುಂಟೆ ಜಾಗ, ಚಿರೆಕಲ್ಲಿನ (ಅಂದರೆ ಕೆಂಪುಕಲ್ಲಿನ) ಗೋಡೆ, ಮಂಗಳೂರು ಹಂಚು, ಮುಂದೆ ಉದ್ದಕ್ಕೆ ಜಗಲಿ, ಹಿಂದೆ ಬಾವಿ, ಎಂಟು ತೆಂಗು, ಎರಡು ಹಲಸು. ಈಗ ಮಾರ್ತಿರುವವರ ಅಜ್ಜ 1960ರ ಸುಮಾರಿಗೆ ಕಟ್ಟಿಸಿದ್ದು. 38 ಲಕ್ಷ ಹೇಳ್ತಿದ್ದಾರೆ.

ಜಗಲಿಗೆ ಕಾಲಿಟ್ಟ ಕೂಡಲೇ ಮನಸ್ಸು ಅಲ್ಲೇ ಕೂತುಬಿಟ್ಟಿತು. ಮೇ ತಿಂಗಳ ಮಧ್ಯಾಹ್ನ, ಫ್ಯಾನ್ ಇಲ್ಲ, ಆದರೂ ಒಳಗೆ ತಂಪು. ಅಡುಗೆಮನೆಗೆ ಹೋದಾಗ ಮಾತ್ರ ಎದೆ ಧಸಕ್ಕೆಂದಿತು. ನೆಲ ಒಂದು ಮೂಲೆಗೆ ಇಳಿದಿದೆ. ಮಗ ಅಲ್ಲಿ ಲಿಂಬೆಹಣ್ಣು ಇಟ್ಟ, ಅದು ತನ್ನಷ್ಟಕ್ಕೇ ಉರುಳುತ್ತಾ ಮೂಲೆಗೆ ಹೋಗಿ ನಿಂತಿತು. ಕಿಟಕಿ ಮೂಲೆಯಿಂದ ಮಾಡಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು. ಕೆಳಗೆ ಕೂದಲಿನಷ್ಟು, ಮೇಲೆ ಹೋಗ್ತಾ ನನ್ನ ಕಿರುಬೆರಳು ಹೋಗುವಷ್ಟು. ಹಿಂದಿನ ಬಾಗಿಲು ಹಾಕಲಿಕ್ಕೆ ಭುಜ ಕೊಟ್ಟು ನೂಕಬೇಕು. ಬಿರುಕಿಗೆ ಸಿಮೆಂಟ್ ಮೆತ್ತಿ ಸುಣ್ಣ ಬಳಿದಿದ್ದಾರೆ, ಆ ಸಿಮೆಂಟೂ ಮತ್ತೆ ಬಿರಿದಿದೆ.

ದಲಾಲಿ "ಅರವತ್ತು ವರ್ಷ ಬೀಳದ ಮನೆ ಇನ್ನು ಬೀಳ್ತದಾ ಮೇಡಂ" ಅಂತಾರೆ. ಅಪ್ಪ "ಪಾಯ ಕೂತ ಮನೆ ಬೇಡವೇ ಬೇಡ" ಅಂತಾರೆ. ಮನೆಯವರು ನಿರ್ಧಾರ ನನಗೇ ಬಿಟ್ಟಿದ್ದಾರೆ. ಉಳಿತಾಯ ಅಂತ ಇರೋದು 17 ಲಕ್ಷ, ಉಳಿದದ್ದು ಸಾಲ. ನಮ್ಮಂಥವರು ಜೀವಮಾನದಲ್ಲಿ ಒಂದೇ ಸಲ ಮಾಡುವ ಕೆಲಸ ಇದು. ಗೊತ್ತಿದ್ದವರು ದಯವಿಟ್ಟು ಹೇಳಿ.

ಮೀನಪೇಟೆ_ರಸ್ತೆ | ಮೇ 11

ಬಿಡಿ ಅಕ್ಕಾ. ಬಿರುಕಿಗೆ ಸುಣ್ಣ ಬಳಿದು ಮಾರುವವರ ಹತ್ರ ವ್ಯವಹಾರವೇ ಬೇಡ.

ಹೊಸಮನೆ_ಕಾಂಟ್ರಾಕ್ಟ್ | ಮೇ 11

ಜಾಗದ ರೇಟಿಗೆ ಸಿಕ್ಕಿದರೆ ತಗೊಳ್ಳಿ, ಮನೆ ಕೆಡವಿ ಹೊಸದು ಕಟ್ಟಿ. ಈಗ ನಾವು ತಗೊಳ್ಳೋದು ಚದರಡಿಗೆ 2,100. 1,200 ಚದರಡಿ ಅಂದರೆ 25 ಲಕ್ಷದ ಮೇಲೆ ಆಗ್ತದೆ, ಆದರೆ ಮತ್ತೆ ತಲೆಬಿಸಿ ಇಲ್ಲ. ಹಳೇದಕ್ಕೆ ತೇಪೆ ಹಾಕ್ತಾ ಕೂತರೆ ದುಡ್ಡು ಹೋದದ್ದೇ ಗೊತ್ತಾಗೋದಿಲ್ಲ.

ಬಾಡಿಗೆಮನೆ_ಟೀಚರ್ | ಮೇ 11

38ಕ್ಕೆ 25 ಸೇರಿಸಿದರೆ 63. ಅಷ್ಟು ನಮ್ಮ ಕೈಲಿ ಸಾಧ್ಯವೇ ಇಲ್ಲ ಅಣ್ಣ.

ಕುಮಟಾ_ಗವಂಡಿ | ಮೇ 11

ತಂಗೀ, ನಾನು 26 ವರ್ಷದಿಂದ ಗವಂಡಿ ಕೆಲಸ, ಅಂದರೆ ಗೋಡೆ ಕಟ್ಟುವ ಕೆಲಸ ಮಾಡ್ತಿದ್ದೇನೆ, ಅಪ್ಪನೂ ಅದೇ ಕೆಲಸ. ನೋಡದೆ ಬಿಡಿ ಅಂತಲೂ ಹೇಳೋದಿಲ್ಲ, ತಗೊಳ್ಳಿ ಅಂತಲೂ ಹೇಳೋದಿಲ್ಲ. ಮೊದಲು ನನಗೆ ನಾಲ್ಕು ವಿಷಯ ಹೇಳು.

ಅಡುಗೆಮನೆ ದೊಡ್ಡ ಮನೆಯ ಜೊತೆಗೇ ಕಟ್ಟಿದ್ದಾ, ಆಮೇಲೆ ಸೇರಿಸಿದ್ದಾ? ಬಿರುಕು ಇರೋದು ಎರಡೂ ಕೂಡುವ ಜಾಗದಲ್ಲಾ, ಬೇರೆ ಕಡೆಯಾ? ಬಚ್ಚಲು ನೀರು, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗ್ತದೆ? ಬಾವಿ ಎಷ್ಟು ದೂರ?

ಯಾಕೆ ಕೇಳ್ತೇನೆ ಅಂದರೆ, ಮೇಲೆ ಅಗಲ ಕೆಳಗೆ ಸಪೂರ ಇರುವ ಬಿರುಕು ಅಂದರೆ ಆ ಮೂಲೆ ಹೊರಗಡೆಗೆ ವಾಲ್ತಾ ಕೆಳಗೆ ಇಳೀತಿದೆ ಅಂತ ಅರ್ಥ. ಕೆಳಗೆ ಅಗಲ ಮೇಲೆ ಸಪೂರ ಇದ್ದಿದ್ದರೆ ಗೋಡೆಯ ನಡು ಭಾಗ ಕೂತಿದೆ ಅನ್ನಬಹುದಿತ್ತು. ಮೂಲೆ ಒಂದೇ ಇಳಿದರೆ ಅದಕ್ಕೆ ಆ ಮೂಲೆಯಲ್ಲೇ ಏನೋ ಕಾರಣ ಇರ್ತದೆ. ನಾನು ನೋಡಿದ ಹತ್ತರಲ್ಲಿ ಎಂಟು ಮನೆಗೆ ಅದು ನೀರು.

ಬಾಡಿಗೆಮನೆ_ಟೀಚರ್ | ಮೇ 11

ಅಣ್ಣಾ, ಕೂಡಲೇ ಫೋಟೋ ತೆಗೆದು ನೋಡಿದೆ. ಬಿರುಕು ಸರಿಯಾಗಿ ದೊಡ್ಡ ಮನೆ ಗೋಡೆ ಮತ್ತು ಅಡುಗೆಮನೆ ಗೋಡೆ ಕೂಡುವಲ್ಲೇ ಇದೆ, ಒಂದು ಕವಲು ಕಿಟಕಿ ಕಡೆ ಬಂದಿದೆ. ಬಚ್ಚಲು ನೀರು ಅಡುಗೆಮನೆ ಗೋಡೆಗೆ ತಾಗಿಯೇ ಇರುವ ಬಾಳೆ ಬುಡಕ್ಕೆ ಬಿಟ್ಟಿದ್ದಾರೆ. ಬಾವಿ ಆ ಮೂಲೆಯಿಂದ 9 ಅಡಿ. ಅಡುಗೆಮನೆ ಯಾವಾಗ ಕಟ್ಟಿದ್ದು ಗೊತ್ತಿಲ್ಲ, ಕೇಳ್ತೇನೆ.

ಕುಮಟಾ_ಗವಂಡಿ | ಮೇ 11

ಬಾಳೆ ಬುಡಕ್ಕೆ ಬಚ್ಚಲು ನೀರು. ಅದನ್ನೇ ಅಂದಾಜು ಮಾಡಿದ್ದೆ.

ದಿಕ್ಕು_ದೆಸೆ | ಮೇ 12

ಆ ಮೂಲೆ ಯಾವ ದಿಕ್ಕು ಅಂತ ಯಾರೂ ಕೇಳಲಿಲ್ಲ. ಆಗ್ನೇಯ ಕುಸಿದ ಮನೆಯಲ್ಲಿ ಹೆಂಗಸರಿಗೆ ನೆಮ್ಮದಿ ಇರೋದಿಲ್ಲ. ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಸಿವಿಲ್_ಹೊನ್ನಾವರ | ಮೇ 12

ದಿಕ್ಕು ಯಾವುದಾದರೂ ನೀರು ಹೋಗೋದು ತಗ್ಗಿಗೇ. ಗವಂಡಿ ಅಣ್ಣ ಸರಿಯಾದ ಪ್ರಶ್ನೆ ಕೇಳಿದ್ದಾರೆ. ನಾನು ಸಿವಿಲ್ ಎಂಜಿನಿಯರ್, ಒಂದೆರಡು ಮಾತು ಸೇರಿಸ್ತೇನೆ.

ನಮ್ಮ ಕರಾವಳಿಯ ನೆಲದಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲಿನ ಪದರ, ಅದರ ಕೆಳಗೆ ಎಷ್ಟೋ ಕಡೆ ಶೇಡಿ ಮಣ್ಣು. ಬಿಳಿ, ನಸುಗೆಂಪು, ಹಳದಿ ಬಣ್ಣದಲ್ಲಿ ಇರ್ತದೆ, ಕೈಯಲ್ಲಿ ತಿಕ್ಕಿದರೆ ಪೌಡರಿನಷ್ಟು ನುಣುಪು. ಒಣಗಿದ್ದಾಗ ಪಿಕಾಸಿಗೂ ಬಗ್ಗೋದಿಲ್ಲ. ನೀರು ತಾಗಿದರೆ ಎಲ್ಲ ಬಲ ಕಳಕೊಂಡು ನೀರಿನ ಜೊತೆಗೇ ಕೊಚ್ಚಿ ಹೋಗ್ತದೆ. ಮೇಲಿನ ಕಲ್ಲಿನ ಪದರದ ಮೇಲೆ ಪಾಯ ನಿಂತಿದ್ದರೆ ನೂರು ವರ್ಷ ಅಲುಗಾಡೋದಿಲ್ಲ. ಯಾರೋ ಮಟ್ಟ ಮಾಡ್ಲಿಕ್ಕೆ ಆ ಪದರ ಕಡಿದು ಶೇಡಿಯ ಮೇಲೆ ಪಾಯ ಹಾಕಿದ್ದರೆ, ಅದರ ಪಕ್ಕ ದಿನಾ ನಾಲ್ಕು ಬಕೆಟ್ ಬಚ್ಚಲು ನೀರು ಬಿಟ್ಟಿದ್ದರೆ, ಲಿಂಬೆಹಣ್ಣು ಉರುಳದೆ ಇನ್ನೇನಾಗ್ತದೆ.

ಈಗ ನೀವು ಮಾಡಬೇಕಾದದ್ದು: ಮನೆ ಮಾರುವ ಯಜಮಾನರ ಒಪ್ಪಿಗೆ ತಗೊಂಡು ಪಾಯದ ಪಕ್ಕ ಎರಡು ಗುಂಡಿ ತೆಗೆಸಿ. ಒಂದು ಕುಸಿದ ಮೂಲೆಯಲ್ಲಿ, ಇನ್ನೊಂದು ದೊಡ್ಡ ಮನೆಯ ಗೋಡೆ ಹತ್ತಿರ. ಪಾಯದ ಅಡಿ ಎಲ್ಲಿ ಮುಗೀತದೆ, ಅದು ಯಾವ ಮಣ್ಣಿನ ಮೇಲೆ ಕೂತಿದೆ ಅಂತ ಕಣ್ಣಾರೆ ನೋಡಿ. ಪಾಯದ ಅಡಿಗೆ ಮಾತ್ರ ಕೈ ಹಾಕಿಸಬೇಡಿ. ಆಮೇಲೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಹಾಕಿ. ಗಾಜು ಒಡೆದರೆ ಗೋಡೆ ಇನ್ನೂ ನಡೀತಿದೆ. ಮಳೆಗಾಲ ಪೂರ್ತಿ ಕಳೆದೂ ಒಡೆಯದಿದ್ದರೆ ಕೂರೋದೆಲ್ಲ ಹಿಂದೆಯೇ ಕೂತು ಮುಗಿದಿದೆ ಅನ್ನಬಹುದು.

ಮೀನಪೇಟೆ_ರಸ್ತೆ | ಮೇ 12

ಮಳೆಗಾಲ ಮುಗಿಯುವವರೆಗೆ ಮಾರುವವರು ಕಾಯ್ತಾರಾ? ಬೇರೆ ಗಿರಾಕಿ ಬಂದು ತಗೊಂಡು ಹೋಗ್ತಾನೆ.

ಸಿವಿಲ್_ಹೊನ್ನಾವರ | ಮೇ 12

ಹೋಗಲಿ ಬಿಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವ ಊರಲ್ಲಿ ಮನೆಯನ್ನು ಮೇ ತಿಂಗಳಲ್ಲಿ ನೋಡಿ ಕೊಳ್ಳೋದು ಸರಿಯಲ್ಲ.

ಶಿರಸಿ_ತೋಟದಮನೆ | ಮೇ 12

ಈ ಒಂದು ಮಾತಿಗೆ ನಾನು ನೂರಕ್ಕೆ ನೂರು ಒಪ್ತಿ. ಘಟ್ಟದ ಮೇಲೂ ಹಂಗೇಯಾ. ಗೋಡೆ ಬುಡ ನೋಡ್ಲಿಕ್ಕೆ ಆಷಾಢದಲ್ಲಿ ಬರಬೇಕು.

ಮತ್ತೊಂದು ವಿಷಯ ಅಕ್ಕಾ, ಬಿರುಕಿನ ಜೊತೆಗೆ ಗೋಡೆಯ ಥಂಡಿ, ಅಂದರೆ ತೇವವನ್ನೂ ನೋಡಿ. ನಮ್ಮದು ಮುತ್ತಜ್ಜನ ಕಾಲದ ಮಣ್ಣು-ಕಲ್ಲಿನ ಮನೆ. 2012ರಲ್ಲಿ ನಾನೇ ಹಟ ಮಾಡಿ ಒಳಗೋಡೆಗೆಲ್ಲ ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಮಾಡಿಸಿದೆ. ಅಪ್ಪ ಬೇಡ ಅಂದಿದ್ದರು. ಮೊದಲು ಅಡಿ ಎತ್ತರಕ್ಕಿದ್ದ ತೇವ ಮೂರು ಮಳೆಗಾಲದಲ್ಲಿ ಕಿಟಕಿ ಮಟ್ಟಕ್ಕೆ ಏರಿತು. ಗೋಡೆ ಉಸಿರಾಡೋಕೆ ಜಾಗ ಇಲ್ಲದೆ ನೀರು ಮೇಲೆ ಮೇಲೆ ಹತ್ತಿದ್ದು. ಕೈ ಒರೆಸಿದರೆ ಬೆರಳಿಗೆ ಬೆಳ್ಳಗೆ ಉಪ್ಪಿನಂಥ ಪುಡಿ. ದೇವರಮನೆ ಗೋಡೆಯ ಗಿಲಾವ್ ಒಂದು ರಾತ್ರಿ ಧೊಪ್ ಅಂತ ಹಾಳೆಯಾಗಿ ಬಿತ್ತು. ಎಲ್ಲ ಕೆತ್ತಿಸಿ ತೆಗೆಸಿ, ಕುಮಟಾ ಕಡೆಯಿಂದ ಚಿಪ್ಪಿ ಸುಣ್ಣ ತರಿಸಿ, ನೆನೆಸಿ, ಮರಳು ಕೂಡಿಸಿ ಮತ್ತೆ ಗಾರೆ ಮಾಡಿಸಿದೆ. ಪೂರ್ತಿ ಒಣಗಲಿಕ್ಕೆ ಎರಡು ಬೇಸಿಗೆ ಬೇಕಾಯ್ತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು.

ಹೊಸಮನೆ_ಕಾಂಟ್ರಾಕ್ಟ್ | ಮೇ 12

ಇಡೀ ಜಿಲ್ಲೆಯಲ್ಲಿ ಚಿರೆಕಲ್ಲಿಗೆ ಸಿಮೆಂಟ್ ಗಿಲಾವ್ ಮಾಡ್ತಾ ಇದ್ದಾರೆ. ಎಲ್ಲರ ಮನೆಯೂ ಉದುರಿದೆಯಾ? ಸುಣ್ಣದ ಕೆಲಸ ಗೊತ್ತಿರುವ ಗವಂಡಿ ಈಗ ಎಲ್ಲಿದ್ದಾರೆ? ಓದಲಿಕ್ಕೆ ಚಂದ, ಮಾಡಿಸಲಿಕ್ಕೆ ಜನ ಸಿಗೋದಿಲ್ಲ.

ಕುಮಟಾ_ಗವಂಡಿ | ಮೇ 12

ಜನ ಇದ್ದಾರೆ ಸ್ವಾಮಿ, ಕರೆಯುವವರು ಕಡಿಮೆ. ಹೊಸ ಮನೆಗೆ ಪಾಯದ ಮೇಲೆ ಕಾಂಕ್ರೀಟ್ ಪಟ್ಟಿ ಇರ್ತದೆ, ತೇವ ಮೇಲೆ ಹತ್ತೋದಿಲ್ಲ, ಅಲ್ಲಿ ಸಿಮೆಂಟ್ ನಡೀತದೆ. ಹಳೇ ಮನೆಗೆ ಆ ಪಟ್ಟಿ ಇಲ್ಲ. ನೆಲದ ನೀರು ಕಲ್ಲಿನ ತೂತಿನಲ್ಲೇ ಮೇಲೆ ಬರ್ತದೆ, ಅದು ಹೊರಗೆ ಹೋಗ್ಲಿಕ್ಕೆ ಸುಣ್ಣವೇ ಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕೋಟೆ_ಕೊತ್ತಲ | ಮೇ 12

ಚಿರೆಕಲ್ಲಿನ ಮಾತು ಬಂತಲ್ಲ, ಒಂದು ವಿಷಯ ಹೇಳ್ತೇನೆ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವರು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರ ಪುಸ್ತಕದಲ್ಲಿ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ಆತ ಅದನ್ನು ವಿವರಿಸಿದ್ದು ಮಲಬಾರಿನಲ್ಲಿ, ಆದರೆ 1801ರಲ್ಲಿ ನಮ್ಮ ಹೊನ್ನಾವರ, ಅಂಕೋಲಾ ಕಡೆಯೂ ಬಂದು ಹೋಗಿದ್ದಾನೆ. ನೆಲದಲ್ಲಿದ್ದಾಗ ಹಾರೆಗೆ ಕಡಿಯುವಷ್ಟು ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅಂತ ಬೆರಗಿನಿಂದ ಬರೆದದ್ದು. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋಗಿ ನೋಡಿ, ಇಡೀ ಕೋಟೆ ಅದೇ ಕಲ್ಲು. ಅಷ್ಟು ಮಳೆ ತಿಂದೂ ನಿಂತಿದೆ. ಒಳಗೆ ನೀರು ಹರಿದುಹೋಗಲಿಕ್ಕೆ ಎಂಥ ವ್ಯವಸ್ಥೆ ಮಾಡಿದ್ದಾರೆ ಗಮನಿಸಿ.

ಮೀನಪೇಟೆ_ರಸ್ತೆ | ಮೇ 12

ಮಿರ್ಜಾನ್ ಕೋಟೆ ಮಳೆಗಾಲದಲ್ಲೇ ನೋಡಬೇಕು, ಗೋಡೆ ತುಂಬ ಹಸಿರು ಪಾಚಿ. ನಮ್ಮ ಮಕ್ಕಳನ್ನು ಕಳೆದ ಸಲ ಕರಕೊಂಡು ಹೋಗಿದ್ದೆ.

ಒರಲೆ_ವೈರಿ | ಮೇ 13

ಎಲ್ಲರೂ ಕೆಳಗೆ ನೋಡ್ತಿದ್ದೀರಿ, ಸ್ವಲ್ಪ ಮೇಲೆಯೂ ನೋಡಿ. ಹಂಚಿನ ಮನೆಯ ಜೀವ ಮಾಡಿನ ಮರದಲ್ಲಿದೆ. ಪಾಯದ ಮೂಲೆಯಲ್ಲಿ ತೇವ ಇದ್ದರೆ ಒರಲೆ (ಗೆದ್ದಲು) ಅಲ್ಲಿಂದಲೇ ಹತ್ತೋದು. ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಇದೆಯಾ ನೋಡಿ. ಜಂತಿ, ಪಕಾಸು ಅಂದರೆ ಹಂಚು ಹೊರುವ ಮರಗಳ ತುದಿ ಗೋಡೆಗೆ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಟಣ್ ಅಂದರೆ ಸೈ, ಚುಚ್ಚಿಕೊಂಡು ಒಳಗೆ ಹೋದರೆ ಅದು ಹೊರಗಿನಿಂದ ಮಾತ್ರ ಮರ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಬಣ್ಣ ಹೊಡೆದ ತೊಲೆ ನೋಡಿ ಸಾಗವಾನಿ ಅಂತ ಖುಷಿಪಟ್ಟಿದ್ದರು, ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯಿತು. ಔಷಧ ಹೊಡೆಸೋದಾದರೆ ಗೋಡೆ ಬುಡದ ಉದ್ದಕ್ಕೂ ಅಡಿಗೊಂದು ತೂತು ಕೊರೆದು ಹಾಕಬೇಕು, ಮೇಲಿಂದ ಸ್ಪ್ರೇ ಮಾಡಿದರೆ ಪ್ರಯೋಜನ ಇಲ್ಲ. ಬಾವಿ 9 ಅಡಿಯಲ್ಲಿದೆ ಅಂದಿರಿ, ಆ ಕಡೆ ಮಾತ್ರ ಔಷಧ ಖಂಡಿತ ಬೇಡ, ಕುಡಿಯುವ ನೀರು.

ಕದ್ರಾ_ಕೆಳಗಿನವ | ಮೇ 13

ಮನೆ ಹಿಂದೆ ಗುಡ್ಡ ಇದೆಯಾ? ಹತ್ತಿರ ಹಳ್ಳ ಇದೆಯಾ? ನಾವು ಕಾಳಿ ನದಿ ದಡದವರು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮನೆಯೊಳಗೆ ಸೊಂಟದವರೆಗೆ ನೀರು. ನೀರು ಇಳಿದ ಮೇಲೆ ಮನೆ ನಿಂತೇ ಇತ್ತು, ಸದ್ಯ ಅಂದುಕೊಂಡೆವು. ನಾಲ್ಕು ತಿಂಗಳ ಮೇಲೆ ಹಿಂದಿನ ಕೋಣೆ ನೆಲ ಕೂರಲಿಕ್ಕೆ ಶುರುವಾಯ್ತು. ಪಾಯದ ಬುಡದ ಮಣ್ಣು ನೀರಿನ ಜೊತೆ ಹೋಗಿತ್ತು. ಆದ್ದರಿಂದ ಅಕ್ಕಪಕ್ಕದವರನ್ನು ಕೇಳಿ, ಎಲ್ಲಿವರೆಗೆ ನೀರು ಬಂದಿತ್ತು ಅಂತ. ದಲಾಲಿ ಹತ್ರ ಕೇಳಬೇಡಿ.

ಗುಡ್ಡ ಇದ್ದರೆ ಇನ್ನೂ ಜಾಸ್ತಿ ನೋಡಿ. 2009ರ ಅಕ್ಟೋಬರ್ 2, ಕಡವಾಡದ ಗುಡ್ಡ ಕುಸಿದು ಬಂದದ್ದು ನಮಗೆಲ್ಲ ನೆನಪಿದೆ. 2024ರ ಜುಲೈ 16, ಶಿರೂರಿನ ಗುಡ್ಡ ಕುಸಿತ. ಅದರ ಬಗ್ಗೆ ಹೇಳೋದೇ ಬೇಡ. ಬುಡ ಕಡಿದ ಗುಡ್ಡದ ಕೆಳಗೆ ಪಾಯ ಎಷ್ಟು ಗಟ್ಟಿ ಇದ್ದರೇನು?

ಬಾಡಿಗೆಮನೆ_ಟೀಚರ್ | ಮೇ 13

ಗುಡ್ಡ ದೂರ ಇದೆ, ನಡುವೆ ಗದ್ದೆ. ಹಳ್ಳ ಸುಮಾರು 80 ಮೀಟರ್, ಉಬ್ಬರದಲ್ಲಿ ಅದಕ್ಕೆ ಉಪ್ಪುನೀರು ಏರ್ತದಂತೆ. ಶಿರೂರಿನ ದಿನ ನಮ್ಮ ಶಾಲೆಗೆ ರಜೆ ಇತ್ತು. ಆ ದಾರಿಯಲ್ಲಿ ಹೋಗುವಾಗ ಈಗಲೂ ಮೈ ನಡುಗ್ತದೆ.

ವಕೀಲರ_ಮಗಳು | ಮೇ 13

ಉಪ್ಪುನೀರು ಏರುವ ಹಳ್ಳ ಇದೆ ಅಂದಮೇಲೆ ಕಾಗದದ ಪಾಯವನ್ನೂ ನೋಡಲೇಬೇಕು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಸಮುದ್ರಕ್ಕೆ ಮಾತ್ರ ಅಲ್ಲ, ಉಬ್ಬರ ಏರುವ ಹಳ್ಳ, ಕೋಡಿಗಳಿಗೂ ಇದೆ. ಆ ಗೆರೆಯೊಳಗೆ ಬಂದರೆ, ಮೇಲೆ ಕಾಂಟ್ರಾಕ್ಟರ್ ಅಣ್ಣ ಹೇಳಿದ ಹಾಗೆ ಪೂರ್ತಿ ಕೆಡವಿ ಬೇಕಾದಂತೆ ಹೊಸದು ಕಟ್ಟಲಿಕ್ಕೆ ಬಿಡೋದಿಲ್ಲ. ಅಧಿಕೃತವಾಗಿ ಇರುವ ಮನೆಯನ್ನು ಅದೇ ಪಂಚಾಂಗದ (ಮನೆಯ ನೆಲಗಟ್ಟಿನ) ಅಳತೆಯಲ್ಲಿ ರಿಪೇರಿ, ಪುನರ್ನಿರ್ಮಾಣ ಮಾಡುವ ಅವಕಾಶ ಉಳಿಯಬಹುದು. ಆಗ ಹಳೇ ಪಂಚಾಂಗವೇ ನಿಮ್ಮ ಆಸ್ತಿ. ಮೊದಲು ವಿಚಾರಿಸಿ.

ಪಹಣಿ, ಬಿನಶೇತ್ಕಿ (ಕೃಷಿಯೇತರ) ಆದೇಶ, ಪಂಚಾಯತದ ಇ-ಸ್ವತ್ತು, ಕನಿಷ್ಠ 30 ವರ್ಷದ ಇಸಿ (ಋಣಭಾರ ಪತ್ರ), ಇವೆಲ್ಲ ನೋಡಿ. 9 ಗುಂಟೆಯಲ್ಲಿ ಎಷ್ಟು ಮಾಲ್ಕಿ (ಸ್ವಂತದ್ದು), ಎಷ್ಟು ಅತಿಕ್ರಮಣ ಅಂತ ಸರ್ವೇ ಮಾಡಿಸಿ ನೋಡಿ. ನಮ್ಮ ಜಿಲ್ಲೆಯಲ್ಲಿ ಬೇಲಿಯೊಳಗಿನ ಅರ್ಧ ಜಾಗ ಅರಣ್ಯದ್ದು ಅಂತ ಆಮೇಲೆ ಗೊತ್ತಾದವರು ಕಡಿಮೆ ಇಲ್ಲ. ಇನ್ನು ಅಜ್ಜ ಕಟ್ಟಿಸಿದ ಮನೆ ಅಂದರೆ ಹೆಣ್ಣುಮಕ್ಕಳ ಹಿಸ್ಸೆಯೂ ಇರಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಅದನ್ನು ನೋಡಲೇಬೇಕು. ಮದುವೆಯಾಗಿ ಹೋದ ಎಲ್ಲರ ಸಹಿ ಬೇಕು.

ಊರು_ಬಿಟ್ಟವ_ಪುಣೆ | ಮೇ 13

ನಾನು ಆಚೆ ಬದಿಯವ, ಅಂದರೆ ಮಾರುವವ. ಹೊನ್ನಾವರ ತಾಲೂಕಿನ ನಮ್ಮ ಮನೆಯನ್ನು ಹೋದ ವರ್ಷ ಮಾರಿದೆವು. ಮೇಲೆ ಯಾರೋ ಸುಣ್ಣ ಬಳಿದು ಮೋಸ ಮಾಡ್ತಾರೆ ಅಂದರು. ಎಲ್ಲರೂ ಹಾಗಲ್ಲ. ಅಮ್ಮ ಇದ್ದಷ್ಟು ದಿನ ಪ್ರತಿ ಮಳೆಗಾಲಕ್ಕೆ ಮೊದಲು ಗೋಡೆಗೆ ಮಳೆ ತಾಗದ ಹಾಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸ್ತಿದ್ದರು, ಹಂಚು ಕೈಯಾಡಿಸ್ತಿದ್ದರು, ಚರಂಡಿಯ ಎಲೆ ತೆಗೆಸ್ತಿದ್ದರು. ಅವರು ಹೋದ ನಂತರದ ಎರಡೇ ಮಳೆಗಾಲದಲ್ಲಿ ಮನೆ ಇಪ್ಪತ್ತು ವರ್ಷ ಮುದಿಯಾಯಿತು. ಬಿರುಕು ಬಿಟ್ಟದ್ದು ನಮಗೂ ನೋವೇ. ಮಾರುವವರ ಹತ್ರ ನೇರವಾಗಿ ಮಾತಾಡಿ ಅಕ್ಕಾ, ದಲಾಲಿಯನ್ನು ಬದಿಗಿಟ್ಟು. ಕೇಳಿದರೆ ಹೇಳ್ತಾರೆ.

ಮೀನಪೇಟೆ_ರಸ್ತೆ | ಮೇ 13

ನಾನು ಹಾಗೆ ಹೇಳಬಾರದಿತ್ತು ಅಣ್ಣ. ತಪ್ಪಾಯ್ತು.

ಬಾಡಿಗೆಮನೆ_ಟೀಚರ್ | ಮೇ 21

ಯಜಮಾನರಿಗೆ ನೇರವಾಗಿ ಫೋನ್ ಮಾಡಿದೆ. ತುಂಬ ಒಳ್ಳೆಯವರು. "ಗುಂಡಿ ತೆಗೆಸಿ, ಮತ್ತೆ ಮುಚ್ಚಿಸಿದರೆ ಸಾಕು" ಅಂದರು. ಭಾನುವಾರ ಇಬ್ಬರು ಕೆಲಸದವರನ್ನು ಕರಕೊಂಡು ಹೋದೆವು, ಅಪ್ಪನೂ ಬಂದಿದ್ದರು.

ದೊಡ್ಡ ಮನೆ ಪಕ್ಕ ತೆಗೆದಾಗ ಎರಡೂವರೆ ಅಡಿಗೆ ಹಾರೆ ಠಣ್ ಅಂತ ಎದ್ದು ಬಂತು. ಹಾಸಿದಂಥ ಕೆಂಪುಕಲ್ಲು. ಅದರ ಮೇಲೆ ಕರಿಕಲ್ಲಿನ ಪಾಯ, ಒಂದೂ ಅಲುಗಿಲ್ಲ. ಅಪ್ಪ ಬಗ್ಗಿ ಕೈಯಿಂದ ಮುಟ್ಟಿ ನೋಡಿ ಏನೂ ಮಾತಾಡದೆ ಎದ್ದರು. ಅಡುಗೆಮನೆ ಮೂಲೆಯಲ್ಲಿ ಪಾಯ ಒಂದೂವರೆ ಅಡಿಗೇ ಮುಗಿದುಹೋಗಿದೆ, ಅದೂ ಬರೀ ಚಿರೆಕಲ್ಲು. ಕೆಳಗೆ ನಸುಗೆಂಪು ಮಣ್ಣು, ಒದ್ದೆ. ಹೆಬ್ಬೆರಳು ಒತ್ತಿದೆ, ಬೆಣ್ಣೆಗೆ ಒತ್ತಿದ ಹಾಗೆ ಉಗುರು ಮುಳುಗಿತು. ಮೇ ತಿಂಗಳಲ್ಲಿ! ಬಾಳೆಯ ಬೇರು ಪಾಯದ ಅಡಿಗೇ ನುಗ್ಗಿದೆ.

ಪಕ್ಕದ ಮನೆಯ ವಯಸ್ಸಾದ ಅಮ್ಮನನ್ನು ಕೇಳಿದೆ. ಅಡುಗೆಮನೆ ಮೊದಲು ಇರಲಿಲ್ಲ, ಅವರ ದೊಡ್ಡ ಮಗ ಹುಟ್ಟಿದ ವರ್ಷ ಕಟ್ಟಿದ್ದಂತೆ, ಅಂದರೆ 1985-86. ಅಲ್ಲಿ ಮೊದಲು ಗೊಬ್ಬರದ ಹೊಂಡ ಇತ್ತಂತೆ. 2019ರಲ್ಲಿ ನೀರು ಗದ್ದೆವರೆಗೆ ಬಂದಿತ್ತು, ಅಂಗಳಕ್ಕೆ ಬಂದಿಲ್ಲ ಅಂದರು.

ಕುಮಟಾ_ಗವಂಡಿ | ಮೇ 21

ಗೊಬ್ಬರದ ಹೊಂಡದ ಮೇಲೆ ಅಡುಗೆಮನೆ! ಹಾಗಾದರೆ ದೊಡ್ಡ ಮನೆಗೆ ಏನೂ ಆಗಿಲ್ಲ ತಂಗೀ. ಎರಡು ಗೋಡೆಗೆ ಕಲ್ಲು ಕಚ್ಚಿಸದೆ ಬರೇ ತಾಗಿಸಿ ಕಟ್ಟಿದ್ದಾರೆ, ಅದು ಈಗ ಕೈ ಬಿಡ್ತಿದೆ. ಒಂದು ರೀತಿಯಲ್ಲಿ ಅದೇ ಒಳ್ಳೇದಾಯ್ತು. ಕಚ್ಚಿಸಿದ್ದರೆ ದೊಡ್ಡ ಮನೆಯ ಗೋಡೆಯನ್ನೂ ಎಳಕೊಂಡು ಹೋಗ್ತಿತ್ತು.

ಮಳೆ ಶುರುವಾದ ಮೇಲೆ ಬಾವಿ ನೀರಿನ ಬಣ್ಣ ನೋಡು. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾದರೆ ಶೇಡಿ ಬಾವಿಗೆ ಇಳೀತಿದೆ ಅಂತ ತಿಳ್ಕೊ.

ಹೊಸಮನೆ_ಕಾಂಟ್ರಾಕ್ಟ್ | ಮೇ 21

ಅಡುಗೆಮನೆ ಸುತ್ತ ನಾಲ್ಕು ಕಾಲಂ ನಿಲ್ಲಿಸಿ ಬೀಮ್ ಕೊಟ್ಟರೆ ನಿಲ್ತದೆ. ಅಥವಾ ಪಾಯದ ಕೆಳಗೆ ಕಾಂಕ್ರೀಟ್ ತುಂಬಿಸಬಹುದು.

ಸಿವಿಲ್_ಹೊನ್ನಾವರ | ಮೇ 21

ಕಾಲಂ ನಿಲ್ಲೋದೂ ಅದೇ ಶೇಡಿ ಮೇಲೆ ತಾನೇ? ಗಟ್ಟಿ ಸಿಗುವವರೆಗೆ ಇಳಿಸಬೇಕು, 9 ಅಡಿಯಲ್ಲಿ ಬಾವಿ ಇದೆ. ಪಾಯದ ಕೆಳಗೆ ತುಂಬಿಸೋದಾದರೆ ಒಂದು ಸಲಕ್ಕೆ ಮೂರ್ನಾಲ್ಕು ಅಡಿ ಮಾತ್ರ ತೆರೆದು, ಒಂದು ಬಿಟ್ಟು ಒಂದರಂತೆ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಮುಂದಿನದು. ಒಂದೇ ಸಲ ಉದ್ದಕ್ಕೆ ತೆರೆದರೆ ಗೋಡೆ ಕೆಲಸದವರ ಮೇಲೆ ಬೀಳ್ತದೆ. ಹೊಂಡದ ಮೇಲಿನ 120 ಚದರಡಿ ಕೋಣೆಗೆ ಇಷ್ಟೆಲ್ಲ ಯಾಕೆ? ಅಡುಗೆಮನೆ ಒಂದನ್ನೇ ಬಿಚ್ಚಿಸಿ. ಹಂಚು, ಮರ, ಕಲ್ಲು ಎಲ್ಲ ವಾಪಸ್ ಬಳಕೆಗೆ ಬರ್ತದೆ. ದೊಡ್ಡ ಮನೆಯೊಳಗೆ ಮೊದಲು ಅಡುಗೆ ಎಲ್ಲಿ ಮಾಡ್ತಿದ್ದರೋ ಅಲ್ಲಿಗೇ ಹೋಗಿ.

ಹೊಸಮನೆ_ಕಾಂಟ್ರಾಕ್ಟ್ | ಮೇ 21

ಬಾವಿ ವಿಷಯ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಿಚ್ಚೋದೇ ಸರಿ. ಆದರೆ ದೊಡ್ಡ ಮನೆಯನ್ನೂ ಒಂದು ಮಳೆಗಾಲ ನೋಡದೆ ಮುಂಗಡ ಕೊಡಬೇಡಿ.

ಬಾಡಿಗೆಮನೆ_ಟೀಚರ್ | ಜೂನ್ 29

ಯಜಮಾನರು ದೀಪಾವಳಿವರೆಗೆ ಕಾಯಲು ಒಪ್ಪಿದ್ದಾರೆ. ಜೂನ್ 3ಕ್ಕೆ ಐದು ಗಾಜಿನ ಪಟ್ಟಿ ಅಂಟಿಸಿದ್ದೆವು. ಎರಡು ಅಡುಗೆಮನೆ ಬಿರುಕಿಗೆ, ಮೂರು ದೊಡ್ಡ ಮನೆಯ ಹಳೇ ಸಣ್ಣ ಬಿರುಕುಗಳಿಗೆ. ಮಳೆ ಜೋರಾಗಿ ಹಿಡಿದ ಒಂಬತ್ತನೇ ದಿನ ಹೋಗಿ ನೋಡಿದರೆ ಅಡುಗೆಮನೆಯದು ಒಂದು ಒಡೆದಿದೆ, ಇವತ್ತು ಎರಡನೆಯದೂ. ದೊಡ್ಡ ಮನೆಯ ಮೂರೂ ಹಾಗೇ ಇವೆ. ಕೊಡಪಾನದಲ್ಲಿ ಬಾವಿ ನೀರು ಎತ್ತಿದೆ, ಗವಂಡಿ ಅಣ್ಣ ಹೇಳಿದ ಹಾಗೇ ಬೆಳ್ಳಗೆ. ಒಂದು ಗಂಟೆ ಇಟ್ಟರೆ ತಳದಲ್ಲಿ ನುಣ್ಣಗಿನ ನಸುಗೆಂಪು ಗಸಿ.

ಶಿರಸಿ_ತೋಟದಮನೆ | ಜೂನ್ 29

ಬಚ್ಚಲು ನೀರು ಈಗಲೇ ತಪ್ಪಿಸಿ ಅಕ್ಕಾ, ಯಜಮಾನರಿಗೆ ಹೇಳಿ ಒಂದು ಪೈಪ್ ಹಾಕಿಸಿ. ಮಾಡಿನ ನೀರೂ ಆ ಮೂಲೆಗೆ ಬೀಳ್ತಿದ್ದರೆ ದಂಬೆ (ನೀರು ಹಿಡಿಯುವ ದೋಣಿ) ಕಟ್ಟಿಸಿ ದೂರ ಬಿಡಿಸಿ. ನೀವು ತಗೊಂಡರೂ ಬಿಟ್ಟರೂ ಆ ಮನೆಗೆ ಅಷ್ಟು ಉಪಕಾರ ಆಗ್ಲಿ.

ಬಾಡಿಗೆಮನೆ_ಟೀಚರ್ | ಜುಲೈ 6

ಹಾಕಿಸಿದೆವು. 1,850 ರೂಪಾಯಿ. ನಾವೇ ಕೊಟ್ಟೆವು, ಯಜಮಾನರು ಬೇಡ ಬೇಡ ಅಂತ ಮತ್ತೆ ಕಳಿಸಿದರು.

ಬಾಡಿಗೆಮನೆ_ಟೀಚರ್ | ಅಕ್ಟೋಬರ್ 14

ತಡವಾಗಿ ಬರೀತಿದ್ದೇನೆ, ಪರೀಕ್ಷೆ ಕೆಲಸ ಇತ್ತು. ದೊಡ್ಡ ಮನೆಯ ಮೂರು ಗಾಜೂ ಇಡೀ ಮಳೆಗಾಲ ದಾಟಿವೆ, ಪೆನ್ಸಿಲ್ ಗೆರೆಯಿಂದ ಬಿರುಕು ಒಂದು ನೂಲೂ ಮುಂದೆ ಹೋಗಿಲ್ಲ. ಅಡುಗೆಮನೆ ಮತ್ತೂ ಇಳಿದಿದೆ. ಮಾಡಿನ ಮರ ಆಚಾರಿಯವರಿಂದ ನೋಡಿಸಿದೆವು. ನಾಲ್ಕು ಪಕಾಸು, ಒಂದಿಷ್ಟು ರೀಪು (ಹಂಚಿನ ಕೆಳಗಿನ ಪಟ್ಟಿ) ಬದಲಾಯಿಸಬೇಕು, ತೊಲೆ ಗಟ್ಟಿ ಇದೆ. ಸರ್ವೇಯಲ್ಲಿ 9 ಗುಂಟೆಗೆ ಎಂಟೂಮುಕ್ಕಾಲು ಮಾಲ್ಕಿ ಸಿಕ್ಕಿತು, ಹಳ್ಳದ ಕಡೆ ಬೇಲಿ ಕಾಲು ಗುಂಟೆ ಆಚೆ ಹೋಗಿದೆ. ಅದನ್ನು ಒಳಗೆ ತಗೊಳ್ತೇವೆ. ಅಡುಗೆಮನೆ ಬಿಚ್ಚಿಸ್ತೇವೆ, ಆ ಜಾಗದಲ್ಲಿ ಮತ್ತೆ ಏನೂ ಕಟ್ಟೋದಿಲ್ಲ.

ಎಲ್ಲ ಫೋಟೋ, ಒಡೆದ ಗಾಜು, ಗುಂಡಿಯ ಚಿತ್ರ ಇಟ್ಟುಕೊಂಡು ಯಜಮಾನರ ಹತ್ರ ಕೂತು ಮಾತಾಡಿದೆವು. 31.5 ಲಕ್ಷಕ್ಕೆ ಒಪ್ಪಿದ್ದಾರೆ. ಬ್ಯಾಂಕಿನವರು ಕಟ್ಟಡಕ್ಕೆ ಬೆಲೆ ತೀರಾ ಕಡಿಮೆ ಹಾಕಿದ್ದಾರೆ, ಸಾಲ ಜಾಗದ ಮೇಲೇ ಬರೋದು. ಹಾಗಾಗಿ ಇನ್ನೂ ಸ್ವಲ್ಪ ಹೊಂದಿಸಬೇಕು, ಅಪ್ಪ ಕೊಡ್ತೇನೆ ಅಂದಿದ್ದಾರೆ. ಯಜಮಾನರ ಇಬ್ಬರು ಅಕ್ಕಂದಿರಲ್ಲಿ ಒಬ್ಬರ ಸಹಿ ಆಗಿದೆ, ಇನ್ನೊಬ್ಬರು ಮುಂಬೈಯಿಂದ ದೀಪಾವಳಿಗೆ ಬರ್ತಾರೆ. ಅವರೂ ಸಹಿ ಮಾಡಿದ ಮೇಲೆಯೇ ಮುಂಗಡ.

ವಕೀಲರ_ಮಗಳು | ಅಕ್ಟೋಬರ್ 14

ಸಹಿಗೆ ಮೊದಲು ಮುಂಗಡ ಕೊಡದಿದ್ದದ್ದು ಬಹಳ ಒಳ್ಳೇದಾಯ್ತು. ಹಳ್ಳದ ಸಿಆರ್‌ಝಡ್ ವಿಚಾರಿಸಿದಿರಾ?

ಬಾಡಿಗೆಮನೆ_ಟೀಚರ್ | ಅಕ್ಟೋಬರ್ 14

ಹೌದು, ಅರ್ಜಿ ಕೊಟ್ಟಿದ್ದೇವೆ, ಬರಹದಲ್ಲಿ ಉತ್ತರ ಬಂದ ಮೇಲೆಯೇ ಕ್ರಯಪತ್ರ. ರಿಪೇರಿ ಬಿಟ್ಟು ಬೇರೇನೂ ಕಟ್ಟುವ ಯೋಚನೆ ಹೇಗೂ ಇಲ್ಲ.

ಕುಮಟಾ_ಗವಂಡಿ | ಅಕ್ಟೋಬರ್ 15

ಅಡುಗೆಮನೆ ಬಿಚ್ಚುವಾಗ ಹಂಚಿನಿಂದ ಶುರುಮಾಡಿ, ಗೋಡೆ ಕೊನೆಗೆ. ದೊಡ್ಡ ಮನೆಗೆ ತಾಗಿದ ಕಲ್ಲನ್ನು ಹೊಡೆದು ತೆಗೆಯಬೇಡಿ, ಉಳಿಯಿಂದ ಬಿಡಿಸಬೇಕು. ಬಾಳೆಯನ್ನು ಬೇರುಸಹಿತ ಕೀಳಿಸಿ ಆ ಗುಂಡಿಗೆ ಮುರ (ಕೆಂಪುಕಲ್ಲಿನ ಚೂರು ಮಣ್ಣು) ಹಾಕಿ ಪದರ ಪದರವಾಗಿ ಗುದ್ದಿಸು. ಜನವರಿಯಲ್ಲಾದರೆ ನಾನೇ ಬರ್ತೇನೆ.

ಬಾಡಿಗೆಮನೆ_ಟೀಚರ್ | ಅಕ್ಟೋಬರ್ 15

ಜನವರಿಗೇ ಇಟ್ಟುಕೊಳ್ತೇವೆ ಅಣ್ಣಾ. ಒಳಗೋಡೆಗೆ ಸುಣ್ಣದ ಗಾರೆ ಮಾಡಿಸಬೇಕು. ಚಿಪ್ಪಿ ಸುಣ್ಣ ಈಗ ಎಲ್ಲಿ ಸಿಗ್ತದೆ?

ಶಿರಸಿ_ತೋಟದಮನೆ | ಅಕ್ಟೋಬರ್ 15

ನಾನು ತರಿಸಿದವರ ನಂಬರ್ ಇನ್ನೂ ಇಟ್ಟುಕೊಂಡಿದ್ದೆ, ಮೆಸೇಜ್ ಮಾಡ್ತಿ. ಈಗಲೇ ಹೇಳಿಡಿ, ನೆನೆಯಲಿಕ್ಕೆ ಬಿಡಲು ದಿನ ಬೇಕಾಗ್ತದೆ.